ಎದೆಗೇರಿದ ಹೆಪ್ಪು

ನಮ್ಮ ಮನೆಯ ಹಿತ್ತಿಲ ತಂತಿಯ ಮೇಲೆ ದಿನಾ ಒಂದೇ ಒಂದು ಕಾಲುಚೀಲ ಒಣಗುತ್ತಿರುತ್ತದೆ. ಇದರ ಜೊತೆಯದು ಎಲ್ಲಿ ಕಳೆದುಹೋಯಿತು ಎಂದು ಪಕ್ಕದ ಮನೆಯವರು ಮೊದಮೊದಲು ಕೇಳುತ್ತಿದ್ದರು. ಕಳೆದಿಲ್ಲ, ಇದು ಬಂದದ್ದೇ ಒಂಟಿಯಾಗಿ. ಮೈಬಣ್ಣದ್ದು, ಮೊಣಕಾಲಿನವರೆಗೆ ಬರುವಂಥದ್ದು, ಎಡಗಾಲಿಗೆ ಮಾತ್ರ. ಚಾಮರಾಜನಗರದ ಔಷಧಿ ಅಂಗಡಿಯವರು ಟೇಪು ಹಿಡಿದು ನನ್ನ ಮೀನಖಂಡದ ಸುತ್ತಳತೆ ತೆಗೆದುಕೊಂಡು, ಎರಡು ದಿನ ಕಾಯಿಸಿ ತರಿಸಿಕೊಟ್ಟದ್ದು. ಅದನ್ನು ಏರಿಸುವುದೆಂದರೆ ಪ್ರತಿ ಬೆಳಗ್ಗೆ ಒಂದು ಸಣ್ಣ ಕುಸ್ತಿ. ಹಿಮ್ಮಡಿ ದಾಟಿಸಿದರೆ ಅರ್ಧ ಗೆದ್ದಂತೆ. ಮಿಕ್ಕರ್ಧಕ್ಕೆ ಗೋಡೆಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ, ಇಂಚಿಂಚೇ ಎಳೆಯಬೇಕು. ಎಳೆದಾದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತು, ಉಸಿರು ಸರಿಯಾಗಿ ಬರುತ್ತಿದೆಯೇ ಎಂದು ನೋಡಿಕೊಳ್ಳುತ್ತೇನೆ. ಐವತ್ತೊಂದು ವರ್ಷ ಉಸಿರಾಡಿದ್ದೇನೆ, ಒಂದು ದಿನವೂ ಅದು ಬರುತ್ತಿದೆಯೇ ಎಂದು ನೋಡಿದವನಲ್ಲ. ಈಗ ಅದೇ ನನ್ನ ಮುಖ್ಯ ಕಸುಬು.

ಕಾಲುಚೀಲ ಎಂದರೆ ನನಗೆ ನೆನಪಾಗುವುದು ಗುಂಡ್ಲುಪೇಟೆಯ ಹೈಸ್ಕೂಲು. ನಾನು, ಮಾದೇವ, ಸಿದ್ದರಾಜು ಮೂವರೂ ಹಂಗಳದವರು. ಒಂದೇ ಬಸ್ಸಿನಲ್ಲಿ ನೇತಾಡಿಕೊಂಡು ಗುಂಡ್ಲುಪೇಟೆಗೆ ಹೋಗಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಸ್ವಾತಂತ್ರ್ಯ ದಿನದ ಪೆರೇಡಿಗೆ ಬಿಳಿ ಕಾಲುಚೀಲ ಇಲ್ಲದೆ ಯಾರೂ ಬರಕೂಡದೆಂದು ಡ್ರಿಲ್ ಮೇಷ್ಟ್ರು ಹೇಳಿದರು. ನನಗೆ ಅಪ್ಪ ಎಲ್ಲಿಂದಲೋ ಒಂದು ಜೊತೆ ತಂದುಕೊಟ್ಟರು. ಸಿದ್ದರಾಜು ಜ್ವರ ಎಂದು ಹೇಳಿ ಹೊಲದಲ್ಲೇ ಉಳಿದುಕೊಂಡ. ಮಾದೇವ ಮಾತ್ರ, ಗೋಡೆಗೆ ಬಳಿಯಲು ಮನೆಯಲ್ಲಿ ಕಲಸಿಟ್ಟಿದ್ದ ಸುಣ್ಣವನ್ನು ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಬಳಿದುಕೊಂಡು, ಮೇಲೊಂದು ಅಂಚನ್ನೂ ನೀಟಾಗಿ ಎಳೆದುಕೊಂಡು ಬಂದುಬಿಟ್ಟ. ದೂರದಿಂದ ನೋಡಿದರೆ ನನ್ನದಕ್ಕಿಂತ ಅವನದೇ ಬಿಳುಪು. ಬಿಸಿಲೇರಿದಂತೆ ಸುಣ್ಣ ಬಿರಿದು, ಉರಿ ಕಿತ್ತುಕೊಂಡು, ಧ್ವಜವಂದನೆಯ ಹೊತ್ತಿಗೆ ಅವನು ಕಾಲಿಗೆ ಕಾಲು ಉಜ್ಜುತ್ತಾ ಕುಣಿಯತೊಡಗಿದ. ಬೈಯಲು ಬಂದ ಮೇಷ್ಟ್ರು ಬಾಯಿಗೆ ಕರ್ಚೀಫು ಅಡ್ಡ ಹಿಡಿದು ವಾಪಸು ಹೋದರು.

ಮೂವರಲ್ಲಿ ಹುಟ್ಟು ಪುಕ್ಕಲ ಎಂದರೆ ನಾನೇ. ಎತ್ತು ಕಂಡರೆ ಹೆದರಿಕೆ, ಬಾವಿ ಕಂಡರೆ ಹೆದರಿಕೆ, ಗುಡುಗಿದರಂತೂ ಕೇಳುವುದೇ ಬೇಡ. ಊರ ಕೆರೆಯಲ್ಲಿ ನೀರೊಳಗೆ ಯಾರು ಹೆಚ್ಚು ಹೊತ್ತು ಉಸಿರು ಕಟ್ಟುತ್ತಾರೆ ಎಂದು ಪಂದ್ಯ ನಡೆಯುತ್ತಿತ್ತು. ಸಿದ್ದರಾಜು ಮುಳುಗಿದರೆ ದಡದಲ್ಲಿ ನಿಂತವರಿಗೆ ಗಾಬರಿಯಾಗುವವರೆಗೆ ಏಳುತ್ತಿರಲಿಲ್ಲ. ನಾನು ಮೂಗು ಹಿಡಿದು, ಕಣ್ಣು ಮುಚ್ಚಿ, ಹಣೆಯನ್ನು ನೀರಿಗೆ ಸೋಕಿಸಿ ಎದ್ದುಬಿಡುತ್ತಿದ್ದೆ. ನನ್ನ ಸರದಿ ಮುಗಿಯಿತೆಂಬುದೇ ಎಷ್ಟೋ ಸಲ ಎಣಿಸುವವರಿಗೆ ತಿಳಿಯುತ್ತಿರಲಿಲ್ಲ.

ದೊಡ್ಡವರಾದ ಮೇಲೆ ಸಿದ್ದರಾಜು ಹಂಗಳದಲ್ಲೇ ಉಳಿದು ಬೇಸಾಯ ಮಾಡಿದ. ಮಾದೇವ ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನಾದ. ಅವನ ಗಂಟಲಿಗೆ ಬೇರೆ ಕೆಲಸ ಒಪ್ಪುತ್ತಿರಲಿಲ್ಲ. ನಾನು ಚಾಮರಾಜನಗರದ ಒಂದು ಕಚೇರಿಯಲ್ಲಿ ಟಪಾಲು ನೋಡುವ ಗುಮಾಸ್ತನಾದೆ. ಬಂದ ಕಾಗದಕ್ಕೆ ಮುದ್ರೆ ಒತ್ತಿ, ಹೋಗುವ ಕಾಗದಕ್ಕೂ ಮುದ್ರೆ ಒತ್ತುವ ಈ ಕೆಲಸದಲ್ಲಿ ಕುರ್ಚಿ ಬಿಟ್ಟು ಏಳುವ ಪ್ರಸಂಗ ಬಹಳ ಕಡಿಮೆ. ಮದುವೆಯನ್ನು ಮುಂದಕ್ಕೆ ಹಾಕುತ್ತಾ ಹಾಕುತ್ತಾ, ಕೇಳುವವರೇ ಇಲ್ಲದಾದರು. ಒಬ್ಬಳೇ ತಂಗಿ, ದೂರದ ಅರಸೀಕೆರೆಯಲ್ಲಿ ಶಾಲೆಯ ಟೀಚರು.

ಹೋದ ವರ್ಷ ಒಂದು ಭಾನುವಾರ ಮಾದೇವನ ಮೊಪೆಡ್ಡಿನ ಹಿಂದೆ ಕೂತು ಮಂಡಿಯ ಮುಂದೆ ಹೋಗುತ್ತಿದ್ದೆ. ಯಾವುದೋ ಲಾರಿಯಿಂದ ಬಿದ್ದು ನಜ್ಜಾಗಿದ್ದ ಈರುಳ್ಳಿಯ ಮೇಲೆ ಚಕ್ರ ಜಾರಿತು. ಅವನಿಗೆ ಮೊಣಕೈ ತರಚಿತು, ನನಗೆ ಎಡಗಾಲಿನ ಹರಡಿನ ಮೂಳೆ ಬಿರುಕು ಬಿಟ್ಟಿತು. ಐದು ವಾರ ಪ್ಲಾಸ್ಟರು. ಆ ಐದು ವಾರವನ್ನು ನಾನು ಹೇಗೆ ಕಳೆದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಮಂಚದ ಪಕ್ಕದಲ್ಲೇ ನೀರಿನ ಚೊಂಬು, ಟೀವಿ ರಿಮೋಟು, ಚಕ್ಕುಲಿ ಡಬ್ಬಿ. ಬೆರಳಾಡಿಸಿ, ಊರುಗೋಲು ಹಿಡಿದು ಓಡಾಡಿ ಎಂದು ಡಾಕ್ಟರು ಹೇಳಿದ್ದು ಬೇರೆ ರೋಗಿಗಳಿಗೆ ಎಂದುಕೊಂಡೆ. ಇಷ್ಟು ಶಿಸ್ತಾಗಿ ವಿಶ್ರಾಂತಿ ತೆಗೆದುಕೊಂಡವರು ಜಿಲ್ಲೆಯಲ್ಲೇ ಇರಲಾರರು.

ಪ್ಲಾಸ್ಟರು ಬಿಚ್ಚಿದ ಮೇಲೆ ಮೀನಖಂಡದಲ್ಲಿ ಒಂದು ನೋವು ಹಿಡಿದುಕೊಂಡಿತು. ಕಾಲು ಸ್ವಲ್ಪ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ. ಕಟ್ಟಿ ಹಾಕಿದ್ದ ಕಾಲಲ್ಲವೇ, ಹಾಗೇ ಇರುತ್ತದೆ ಎಂದು ನನಗೆ ನಾನೇ ಡಾಕ್ಟರಾದೆ. ಹರಳೆಣ್ಣೆ ಬಿಸಿ ಮಾಡಿ, ಎರಡೂ ಹೆಬ್ಬೆರಳು ಒತ್ತಿ ಒತ್ತಿ, ಒಂದು ವಾರ ನೀವಿಕೊಂಡೆ. ಆ ವಾರ ನಾನು ನೀವಿದ್ದು ಏನನ್ನು, ಎಲ್ಲಿಗೆ ತಳ್ಳುತ್ತಿದ್ದೆ ಎಂದು ಆಮೇಲೆ ಡಾಕ್ಟರು ವಿವರಿಸಿ ಹೇಳಿದಾಗ ನನ್ನ ಬೆರಳುಗಳನ್ನು ನಾನೇ ನೋಡಿಕೊಳ್ಳಲಾರದೆ ಹೋದೆ.

ಮುಂದಿನ ಭಾನುವಾರ ಬೆಳಗ್ಗೆ, ಕುಂಟುತ್ತಲೇ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ಮಂಡಿಯಲ್ಲಿ ಹರಾಜು ಮುಗಿದಿತ್ತು. ಬೀನ್ಸಿನ ಮೂಟೆಗಳು ಕೇರಳದ ಲಾರಿಗೆ ಏರುತ್ತಿದ್ದವು. ಮಾದೇವ ಟೀ ಹೇಳಿದ. ಲೋಟ ಕೈಗೆ ತೆಗೆದುಕೊಂಡೆ, ಬಲಗಡೆ ಪಕ್ಕೆಯಲ್ಲಿ ಚಾಕು ಹಾಕಿ ತಿರುವಿದಂತಾಯಿತು. ಉಸಿರೆಳೆದೆ; ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ಎಳೆದೆ, ಕಾಲುಭಾಗಕ್ಕೆ ನಿಂತಿತು. ಬಾಯಿ ತೆರೆದೇ ಇದೆ, ಸುತ್ತಲೂ ಬೇಕಾದಷ್ಟು ಗಾಳಿ ಇದೆ, ಒಳಗೆ ಬರುತ್ತಿಲ್ಲ.

"ಯಾನ್ಲಾ ಪುಟ್ಟ, ಮೊಕ ಯಾಕಿಂಗದೆ?" ಎಂದ ಮಾದೇವ.

"ಉಸ್ರು," ಎಂದೆ. ಇನ್ನೊಂದು ಮಾತು ಆಡಲಾಗಲಿಲ್ಲ.

"ಗ್ಯಾಸ್ ಕಣ್ಲಾ. ಬೆಳಿಗ್ಗೆಯಿಂದ ಒಟ್ಟೆಗೇನೂ ಬಿದ್ದಿಲ್ಲ ನಿಂಗೆ. ಒಂದು ಸೋಡ ಕುಡಿ." ಹೇಳುತ್ತಾ ಹೇಳುತ್ತಾ ನನ್ನ ಹಣೆಯನ್ನು ಮುಟ್ಟಿ ನೋಡಿದವನು ಕೈ ಹಿಂದಕ್ಕೆ ತೆಗೆದುಕೊಂಡ. ಸುರಿಯುತ್ತಿದ್ದ ಬೆವರು ತಣ್ಣಗಿತ್ತು. ಅವನ ಕಣ್ಣು ನೀಲಿಗಟ್ಟಿದ್ದ ನನ್ನ ತುಟಿಯ ಮೇಲೆ ನಿಂತಿತು. "ಸೋಡ ಬ್ಯಾಡ. ಏಳು, ಆಸ್ಪತ್ರೆಗೋಗನ," ಎಂದ. ನನಗೆ ಏಳಲಾಗಲಿಲ್ಲ. ಮೂಟೆ ಹೊರುವವರಿಬ್ಬರು ಬಂದು ಬೀನ್ಸಿನ ಮೂಟೆಯಂತೆಯೇ ನನ್ನನ್ನೆತ್ತಿ ಆಟೋಗೆ ಹಾಕಿದರು.

ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಎದೆಯ ಇಸಿಜಿ ಪಟ್ಟಿ ತೆಗೆಸಿ ನೋಡಿದರು. ಮಾದೇವ ಆಗಲೂ ಗ್ಯಾಸು ಎನ್ನುತ್ತಲೇ ಇದ್ದ. ಡಾಕ್ಟರಮ್ಮ ಅವನ ಮಾತನ್ನು ಕೇಳುತ್ತಾ ನನ್ನ ಪಂಚೆಯನ್ನು ಮೊಣಕಾಲಿನವರೆಗೆ ಸರಿಸಿ ಎರಡೂ ಕಾಲನ್ನು ಅಕ್ಕಪಕ್ಕ ಇಟ್ಟು ನೋಡಿದರು.

"ಈ ಕಾಲಿಗೆ ಪ್ಲಾಸ್ಟರ್ ಹಾಕಿದ್ರಾ?"

"ಊಂ ಮೇಡಮ್, ಮೊನ್ನೆ ಬಿಚ್ಚಿದ್ರು," ಎಂದ ಮಾದೇವ.

"ಊದಿಕೊಂಡು ಎಷ್ಟು ದಿನ ಆಯ್ತು?"

ನಾನು ಬೆರಳೆತ್ತಿ ತೋರಿಸಿದೆ. ಅವರ ಮುಖ ಬದಲಾಯಿತು. ಅವರು ಗಾಬರಿಯಾಗಿ ಕೂಗಲಿಲ್ಲ. ದನಿಯನ್ನು ಇನ್ನೂ ತಗ್ಗಿಸಿ ನರ್ಸಿಗೆ ಏನೋ ಹೇಳಿದರು. ಆ ತಗ್ಗಿದ ದನಿಯೇ ನನ್ನನ್ನು ಹೆಚ್ಚು ಹೆದರಿಸಿತು. ಹೊಟ್ಟೆಗೊಂದು ಸೂಜಿ ಚುಚ್ಚಿದರು, ಮೂಗಿಗೆ ಆಮ್ಲಜನಕದ ಮುಸುಕು ಕಟ್ಟಿದರು. "ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ಸ್ಕ್ಯಾನ್ ಆಗ್ಬೇಕು. ತಡ ಮಾಡಬಾರದು," ಎಂದು ಮಾದೇವನಿಗೆ ಹೇಳಿ, ಚಾಮರಾಜನಗರದ ದೊಡ್ಡಾಸ್ಪತ್ರೆಗೆ ತಾವೇ ಫೋನು ಮಾಡಿದರು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ತೆರಕಣಾಂಬಿಯ ಮೇಲೆ ಹೋಗುವ ದಾರಿ ನನಗೆ ಅಂಗೈಯಷ್ಟು ಪರಿಚಯ. ಅವತ್ತು ಮಲಗಿಕೊಂಡು ಹೋದದ್ದರಿಂದ ಏನೂ ಕಾಣಲಿಲ್ಲ, ಆಂಬುಲೆನ್ಸಿನ ತಗಡಿನ ಸೂರು ಮಾತ್ರ. ಮಾದೇವ ನನ್ನ ಬಲಗೈ ಹಿಡಿದು ತಲೆದೆಸೆಯಲ್ಲಿ ಕೂತು, ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಹರಾಜಿನ ದನಿಯಲ್ಲಿ ಕೂಗಿ ಹೇಳುತ್ತಿದ್ದ. "ಇಕಾ, ಅರಿಶಿನದ ವಲ ಬಂತು. ಬೆಳೆ ಎಂಗದೆ ಗೊತ್ತಾ? ಆಳುದ್ದ ಅದೆ ಕಣ್ಲಾ. ಇಕಾ, ಒಬ್ಬ ಎಮ್ಮೆ ಮೇಲೆ ಛತ್ರಿ ಇಡ್ಕಂಡು ಓಯ್ತಾವ್ನೆ. ಕಣ್ಣು ಮುಚ್ಬ್ಯಾಡ, ಕೇಳು." ನನಗೆ ಸಿಟ್ಟು ಬರುತ್ತಿತ್ತು. ಸಾಯುತ್ತಿರುವವನಿಗೆ ಎಮ್ಮೆಯ ವರದಿ ಯಾಕೆ? ಸುಮ್ಮನಿರು ಎನ್ನಲು ಉಸಿರಿರಲಿಲ್ಲ.

ಆಮೇಲೆ ಒಂದು ಗಳಿಗೆ ಬಂತು. ಅವನ ಬಾಯಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ. ಸೈರನ್ನೂ ಕೇಳಿಸುತ್ತಿಲ್ಲ. ತಗಡಿನ ಸೂರು ದೂರ ದೂರ ಹೋಗಿ ಅಂಚೆಚೀಟಿಯಷ್ಟಾಯಿತು. ಸಾಯುವ ಹೊತ್ತಿಗೆ ಅಪ್ಪ ಅಮ್ಮ ಕಾಣುತ್ತಾರೆ, ಬೆಳಕು ಕಾಣುತ್ತದೆ ಎಂದೆಲ್ಲ ಕೇಳಿದ್ದೆ. ನನಗೇನೂ ಕಾಣಲಿಲ್ಲ. ಇದ್ದದ್ದು ಬರೀ ಹೆದರಿಕೆ. ಅದಕ್ಕೆ ರೂಪವಿಲ್ಲ, ಹೆಸರಿಲ್ಲ. ಕೆಸರಲ್ಲಿ ಸಿಕ್ಕಿದ ದನ ಹೇಗೆ ನಾಲ್ಕು ಕಾಲನ್ನೂ ಝಾಡಿಸುತ್ತದೋ ಹಾಗೆ ನನ್ನೊಳಗೆ ಏನೋ ಒದ್ದಾಡುತ್ತಿತ್ತು. ಆಂಬುಲೆನ್ಸಿನ ನರ್ಸು ಬಂದು ಏನೋ ತಿರುಗಿಸಿದರು. ಮಾತು ಮತ್ತೆ ಕೇಳಿಸಿತು. ಮಾದೇವ ಯಾರದೋ ತೆಂಗಿನಮರದ ವಿಷಯ ಹೇಳುತ್ತಿದ್ದ.

ದೊಡ್ಡಾಸ್ಪತ್ರೆಯ ಸ್ಕ್ಯಾನಿನಲ್ಲಿ ಡಾಕ್ಟರಮ್ಮನ ಊಹೆ ನಿಜವಾಯಿತು. ಎರಡೂ ಶ್ವಾಸಕೋಶಕ್ಕೆ ಹೋಗುವ ದಾರಿಯಲ್ಲಿ ಹೆಪ್ಪು ಕೂತಿತ್ತು, ಅದನ್ನು ನೂಕಿ ನೂಕಿ ಹೃದಯ ಸೋಲುತ್ತಿತ್ತು. ಹೆಪ್ಪು ಕರಗಿಸುವ ಔಷಧಿ ಕೊಡಬೇಕು, ಆದರೆ ಆ ಔಷಧಿಯಿಂದ ತಲೆಯೊಳಗೆ ರಕ್ತಸ್ರಾವವಾಗುವ ಅಪಾಯವಿದೆ, ಮನೆಯವರು ಒಪ್ಪಿ ಸಹಿ ಹಾಕಬೇಕು ಎಂದರು ಅಲ್ಲಿನ ಡಾಕ್ಟರು. ತಂಗಿ ಬರಲು ಸಂಜೆಯಾಗುತ್ತದೆ. ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಫೋನಿನಲ್ಲಿ ಅವಳು, "ಮಾದೇವಣ್ಣ, ನೀವೇ ಹಾಕಿ," ಎಂದಳಂತೆ.

ನಾನು ಪಕ್ಕದಲ್ಲೇ ಮಲಗಿದ್ದೆ, ಎಲ್ಲ ಕೇಳಿಸುತ್ತಿತ್ತು. "ಔಷಧಿ ಕೊಡ್ದಿದ್ರೆ?" ಎಂದ ಮಾದೇವ. ಡಾಕ್ಟರು ತಲೆಯಲ್ಲಾಡಿಸಿದರು. ಕಾಗದದಲ್ಲಿ ರೋಗಿಗೆ ಏನಾಗಬೇಕು ಎಂದು ಬರೆಯುವ ಜಾಗವಿತ್ತು. ಮಾದೇವ ಅಲ್ಲಿ 'ಅಣ್ಣ' ಎಂದು ಬರೆದ. ನನಗಿಂತ ಹನ್ನೊಂದು ದಿನಕ್ಕೆ ದೊಡ್ಡವನು ಅವನು. ಆಮೇಲೆ ಪೆನ್ನು ಹಿಡಿದುಕೊಂಡು ನನ್ನ ಕಡೆ ನೋಡಿದ. ಸಹಿ ಹಾಕಿದ.

ಔಷಧಿ ಹನಿಹನಿಯಾಗಿ ಇಳಿಯುವಾಗ ನಾನು ನನ್ನ ತಲೆಯನ್ನೇ ಕಾಯುತ್ತಿದ್ದೆ. ಸ್ವಲ್ಪ ನೋವು ಕಂಡರೂ, ಇಗೋ ಒಡೆಯಿತು ಎಂದುಕೊಳ್ಳುತ್ತಿದ್ದೆ. ನನ್ನ ಹೆಸರು ನೆನಪಿದೆಯೇ ಎಂದು ಮನಸ್ಸಿನಲ್ಲೇ ಹೇಳಿ ನೋಡಿದೆ. ಕಚೇರಿಯ ವಿಳಾಸ ಪಿನ್‌ಕೋಡ್ ಸಮೇತ ಹೇಳಿ ನೋಡಿದೆ. ಪಕ್ಕದ ಯಂತ್ರದಲ್ಲಿ ಆಮ್ಲಜನಕದ ಅಂಕಿ ಮಿನುಗುತ್ತಿತ್ತು. ನಾನು ಅದರಿಂದ ಕಣ್ಣು ತೆಗೆದರೆ ಅದು ಇಳಿದುಹೋಗುತ್ತದೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಎರಡು ದಿನ ನಾನೇ ಅದನ್ನು ನನ್ನ ಕಣ್ಣಿನಿಂದ ಎತ್ತಿ ಹಿಡಿದಿದ್ದೆ. ನರ್ಸು ಬೇಸತ್ತು ಯಂತ್ರವನ್ನು ಗೋಡೆಯ ಕಡೆ ತಿರುಗಿಸಿದರು. ಆದರೂ ನಾನು ಸಾಯಲಿಲ್ಲ.

ವಾರ ಕಳೆದು ಮನೆಗೆ ಕಳಿಸಿದರು. ತಂಗಿಗೆ ಪರೀಕ್ಷೆಯ ಕೆಲಸ, ಹೊರಡಬೇಕಾಯಿತು. ಒಂಟಿ ಮನೆಗೆ ಹೋಗುವುದನ್ನು ನೆನೆದು, ಬಿಡುಗಡೆಯ ಕಾಗದವನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದೆ. ಸಿದ್ದರಾಜು ಕೇಳಲೂ ಇಲ್ಲ. ಆಸ್ಪತ್ರೆ ಬಾಗಿಲಿಗೆ ಯಾರದೋ ಕಾರು ತಂದು ನಿಲ್ಲಿಸಿ, "ಕಾರು ಅತ್ತು, ಹಂಗಳಕ್ಕೋಗನ," ಎಂದ. ಹೀಗೆ ಮೂವತ್ತು ವರ್ಷದ ಮೇಲೆ ಊರಿಗೆ ಹೋಗಿ, ಅವನ ಮನೆಯ ನಡುಕೋಣೆಯಲ್ಲಿ ಆರು ವಾರ ಇದ್ದೆ.

ಅವನ ಹೆಂಡತಿ ಕೆಂಪಮ್ಮನಿಗೆ ನನ್ನ ಕಾಯಿಲೆ ಅರ್ಥವಾಗಲು ಒಂದು ದಿನ ಹಿಡಿಯಿತು. "ಹಾಲಿಗಾದ್ರೆ ನಾವು ಹೆಪ್ಪಾಕ್ತೀವಿ. ನಿಮ್ ರಕ್ತಕ್ಕೆ ಯಾರಣ್ಣ ಹಾಕಿದ್ದು?" ಎಂದು ಕೇಳಿದರು. ಕೂತೂ ಕೂತೂ ನಾನೇ ಹಾಕಿಕೊಂಡೆ ಎಂದೆ. ಅದಕ್ಕಿಂತ ದೊಡ್ಡ ತೊಡಕು ಸೊಪ್ಪಿನದು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿದ್ದ ಮಾತ್ರೆಗೂ ಸೊಪ್ಪಿಗೂ ಆಗಿಬರುವುದಿಲ್ಲ. ತಿನ್ನಲೇಬಾರದೆಂದಲ್ಲ, ದಿನಾ ಒಂದೇ ಅಳತೆಯಲ್ಲಿ ತಿನ್ನಿ ಎಂದಿದ್ದರು ಡಾಕ್ಟರು. ಮಸ್ಸೊಪ್ಪು, ಬಸ್ಸಾರು, ಉಪ್ಸಾರಿನ ಸೀಮೆಯಲ್ಲಿ ಇದೆಂಥ ಮಾತು? ಕೆಂಪಮ್ಮ ಮೊದಲು ಮುಖ ಸಿಂಡರಿಸಿದರು. ಆಮೇಲೆ ಒಂದು ಸಣ್ಣ ಬಟ್ಟಲನ್ನು ನನ್ನ ಸೊಪ್ಪಿಗೆಂದೇ ಎತ್ತಿಟ್ಟು, ಆರು ವಾರವೂ ಅದರಲ್ಲೇ ಅಳೆದು ಬಡಿಸಿದರು. ನಾನು ಇನ್ನೊಂದು ಸೌಟು ಕೇಳಿದರೆ, "ಸುಮ್ಕಿರಣ್ಣ, ಆಮೇಲೆ ಡಾಕ್ಟ್ರು ನನ್ನ ಕೇಳ್ತಾರೆ," ಎನ್ನುತ್ತಿದ್ದರು. ಡಾಕ್ಟರು ಅವರನ್ನು ಕಂಡೇ ಇರಲಿಲ್ಲ.

ಹೆದರಿಕೆ ಮಾತ್ರ ನನ್ನ ಜೊತೆಯಲ್ಲೇ ಬಂದಿತ್ತು. ಕೂತರೆ ಮತ್ತೆ ಹೆಪ್ಪುಗಟ್ಟುತ್ತದೆ ಎಂಬ ಭಯ, ನಡೆದರೆ ಉಳಿದದ್ದು ಕದಲಿ ಎದೆಗೇರುತ್ತದೆ ಎಂಬ ಭಯ. ಹೀಗಾಗಿ ನಾನು ಹೆಚ್ಚಾಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿರುತ್ತಿದ್ದೆ. ಮೀನಖಂಡವನ್ನು ದಿನಕ್ಕೆ ಇಪ್ಪತ್ತು ಸಲ ಮುಟ್ಟಿ ನೋಡುತ್ತಿದ್ದೆ. ಬಚ್ಚಲಿಗೆ ಹೋದರೆ ಅಗುಳಿ ಹಾಕಲು ಧೈರ್ಯವಿಲ್ಲ, ತೆರೆದಿಟ್ಟರೆ ಮರ್ಯಾದೆಯಿಲ್ಲ. ಸಿದ್ದರಾಜುವೇ ಒಂದು ದಾರಿ ಹುಡುಕಿದ. ನಾನು ಸ್ನಾನ ಮಾಡುವಷ್ಟು ಹೊತ್ತೂ ಬಚ್ಚಲ ಹೊರಗೆ ಕುಕ್ಕರುಗಾಲಲ್ಲಿ ಕೂತು, ಬೀಡಿ ಎಳೆಯುತ್ತಾ, ಸ್ವಲ್ಪ ಸ್ವಲ್ಪ ಹೊತ್ತಿಗೆ ಕೇಳುತ್ತಿದ್ದ.

"ಇದ್ದೀಯೇನ್ಲಾ?"

"ಇದ್ದೀನಿ."

ಇನ್ನೆರಡು ಚೊಂಬು ನೀರು.

"ಇದ್ದೀಯೇನ್ಲಾ?"

"ಇದ್ದೀನಿ ಕಣೋ."

ಐವತ್ತು ದಾಟಿದ ಇಬ್ಬರು ಗಂಡಸರು ದಿನಾ ಬೆಳಗ್ಗೆ ಹೀಗೆ ಮಾತಾಡಿಕೊಳ್ಳುವುದನ್ನು ಕೇಳಿ ಕೆಂಪಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅವನು ಕೇಳುವುದು ಅರೆಗಳಿಗೆ ತಡವಾದರೆ, ನಾನು ಇದ್ದೀನೋ ಇಲ್ಲವೋ ಎಂದು ನನಗೇ ಅನುಮಾನ ಹುಟ್ಟುತ್ತಿತ್ತು.

ನಡೆಸುವ ಕೆಲಸವನ್ನೂ ಅವನೇ ವಹಿಸಿಕೊಂಡ. ಮನೆಯಿಂದ ಚೆಂಡುಹೂವಿನ ಹೊಲದ ತನಕ ಇನ್ನೂರು ಹೆಜ್ಜೆ. ಮೊದಲ ದಿನ ಇಪ್ಪತ್ತಕ್ಕೆ ವಾಪಸಾದೆ. ಅವನು ಬೈಯಲಿಲ್ಲ, ಒತ್ತಾಯ ಮಾಡಲಿಲ್ಲ. ಹಿಂದೆ ಹಿಂದೆ ಒಂದು ಮುರುಕು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಬರುತ್ತಿದ್ದ. ಸಾಕು ಎನಿಸಿದ ಕಡೆ ಅದನ್ನು ಹಾಕಿ ಕೂರಿಸುತ್ತಿದ್ದ. ಹೂವಿನ ಮುಂದೆ ಫೋಟೋ ತೆಗೆಸಿಕೊಳ್ಳಲು ರಸ್ತೆಬದಿ ಕಾರು ನಿಲ್ಲಿಸಿದ ಊಟಿ ಪ್ರವಾಸಿಗರು, ಹೊಲದ ದಾರಿಯ ನಡುವೆ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತ ನನ್ನನ್ನು ಯಾರೋ ಜಮೀನ್ದಾರರೆಂದು ತಿಳಿದು ಒಂದು ದಿನ ಅಪ್ಪಣೆ ಕೇಳಿದರು. ಕೊಟ್ಟೆ.

ಮೂರನೆಯ ವಾರ ಬದುವಿನ ಮೇಲೆ ನಡೆಯುತ್ತಿದ್ದವನಿಗೆ ಕಣ್ಣು ಕತ್ತಲಿಟ್ಟಿತು. ಎದೆ ಬಿಗಿಯಿತು. ಬಂತು, ಎರಡನೆಯ ಸಲ ಬಂತು ಎಂದುಕೊಂಡು ಅಲ್ಲೇ ಕುಸಿದೆ. ಸಿದ್ದರಾಜು ಕುರ್ಚಿ ಬಿಸುಟು ಓಡಿಬಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತ.

"ಬುಡ್ಲಾ."

"ಯಾನ ಬುಡ್ಲಿ?"

"ಉಸ್ರು ಬುಡು. ಆಗ್ಲಿಂದ ನೋಡ್ತಾ ಇವ್ನಿ, ಇಡ್ಕಂಡು ನಡೀತಿದ್ದೀಯೆ."

ನಿಜವಾಗಿತ್ತು. ಉಸಿರು ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳುವ ಗಡಿಬಿಡಿಯಲ್ಲಿ ನಾನು ಉಸಿರಾಡುವುದನ್ನೇ ನಿಲ್ಲಿಸಿದ್ದೆ. ಬಿಟ್ಟೆ. ಅವನ ಬೆನ್ನು ನನ್ನ ಬೆನ್ನಿಗೆ ತಾಗಿ ಏಳುತ್ತಾ ಇಳಿಯುತ್ತಾ ಇತ್ತು. ಅದರ ಲಯಕ್ಕೆ ನನ್ನದನ್ನೂ ಸೇರಿಸಿಕೊಂಡು ಬಹಳ ಹೊತ್ತು ಕೂತಿದ್ದೆ. ಮಾರನೆಯ ದಿನ ಹೊಲ ಮುಟ್ಟಿದೆ.

ಆರು ವಾರದ ಮೇಲೆ ಚಾಮರಾಜನಗರಕ್ಕೆ ಮರಳಿ ಕಚೇರಿಗೆ ಹೋಗತೊಡಗಿದೆ. ಗಂಟೆಗೊಂದು ಸಲ ಎದ್ದು ವರಾಂಡದಲ್ಲಿ ತಿರುಗಾಡುವ ನನ್ನನ್ನು ನೋಡಿ, ಸಾಹೇಬರು ಬರುವುದನ್ನು ನಾನು ಕಾಯುತ್ತಿದ್ದೇನೆಂದು ಹೊಸಬರು ತಿಳಿಯುತ್ತಿದ್ದರು. ಭಾನುವಾರ ಭಾನುವಾರ ಮಾದೇವ ಬರುತ್ತಿದ್ದ. ಒಂದು ಚೀಲ ತರಕಾರಿ, ಒಂದು ಮೂಟೆ ಮಾತು. ಹತ್ತಕ್ಕೆ ಬರುತ್ತೇನೆಂದವನು ಹನ್ನೆರಡಾದರೂ ಬರುತ್ತಿರಲಿಲ್ಲ. ಗಂಟೆಯ ದಾರಿ, ನಿನಗೆ ಮೂರು ಗಂಟೆ ಯಾಕೆ ಎಂದು ಗೊಣಗಿದರೆ, ಬಸ್ಸು ಕೆಟ್ಟಿತ್ತು ಎನ್ನುತ್ತಿದ್ದ. ವಾರವಾರವೂ ಕೆಡುವ ಬಸ್ಸು.

ಆರು ತಿಂಗಳಾದಾಗ ಡಾಕ್ಟರು ಮತ್ತೆ ಸ್ಕ್ಯಾನು ಮಾಡಿಸಿ, "ಎಲ್ಲ ಕರಗಿದೆ. ಮಾತ್ರೆ ನಿಲ್ಲಿಸಿ," ಎಂದರು. ಕುಣಿಯಬೇಕಾದವನು ನಡುಗಿದೆ. ಇಷ್ಟು ದಿನ ಆ ಸಣ್ಣ ಮಾತ್ರೆಯ ಆಸರೆಯಲ್ಲಿದ್ದೆ, ಈಗ ನನ್ನ ರಕ್ತವನ್ನು ಅದರ ಪಾಡಿಗೆ ಬಿಡಬೇಕು. ಮಾತ್ರೆ ಬಿಟ್ಟ ಮೊದಲ ಭಾನುವಾರ ಬೆಳಗ್ಗೆಯಿಂದಲೇ ಎದೆ ಹೊಡೆದುಕೊಳ್ಳುತ್ತಿತ್ತು. ಮಾದೇವ ಬಂದರೆ ಸಾಕಿತ್ತು. ಹನ್ನೊಂದಾಯಿತು. ಫೋನು ಮಾಡಿದರೆ ಎತ್ತಲಿಲ್ಲ. ಬಸ್ ನಿಲ್ದಾಣಕ್ಕೇ ಹೋಗಿ ನಿಂತೆ. ಗುಂಡ್ಲುಪೇಟೆಯ ಬಸ್ಸು ಒಂದು ಬಂತು, ಇನ್ನೊಂದು ಬಂತು, ಅವನಿಳಿಯಲಿಲ್ಲ. ನನ್ನ ಹೆದರಿಕೆ ಹೊರಳಿ ಅವನ ಕಡೆ ತಿರುಗಿತು. ಆ ಮೊಪೆಡ್ಡು, ಆ ರಸ್ತೆ, ಏನೇನೋ ಕಂಡಿತು. ಕೈಕಾಲು ಆಡದೆ ಮನೆಯ ಕಡೆ ಹೊರಟವನಿಗೆ, ರೈಲ್ವೆ ನಿಲ್ದಾಣದ ರಸ್ತೆಯಿಂದ ತರಕಾರಿ ಚೀಲ ಹೊತ್ತು ಬರುತ್ತಿದ್ದ ಮಾದೇವ ಎದುರಾದ.

"ಫೋನ್ ಯಾಕೋ ಎತ್ತಲಿಲ್ಲ? ಇತ್ತ ಕಡೆಯಿಂದ ಎಲ್ಲಿಂದ ಬಂದೆ ನೀನು?"

ಅವನು ಸಿಕ್ಕಿಬಿದ್ದವನಂತೆ ನಿಂತ. "ರೈಲಲ್ಲಿ ಬಂದೆ. ಸಿಗ್ನಲ್ ಇರ್ಲಿಲ್ಲ."

ಗುಂಡ್ಲುಪೇಟೆಗೆ ರೈಲಿಲ್ಲ. ಇಲ್ಲಿಗೆ ರೈಲಲ್ಲಿ ಬರಬೇಕಾದರೆ ಬಸ್ಸು ಹಿಡಿದು ನಂಜನಗೂಡಿಗೆ ಹೋಗಿ, ಅಲ್ಲಿ ಕಾದು, ಮೈಸೂರಿನಿಂದ ಬರುವ ಗಾಡಿ ಹತ್ತಬೇಕು. ಅಷ್ಟು ಸುತ್ತು ಯಾಕೆ ಎಂದು ಕೇಳಿದೆ. ಅವನು ಚೀಲ ಕೆಳಗಿಟ್ಟು, ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತ. ಹರಾಜು ಕೂಗುವ ಗಂಟಲಿನಿಂದ ಸಣ್ಣ ದನಿ ಬಂತು.

"ಆ ದಾರೀಲಿ ಬರಕ್ಕಾಗಲ್ಲ ಕಣ್ಲಾ. ಎರಡ್ ಸಲ ಬಸ್ ಅತ್ತಿದ್ದೆ. ತೆರಕಣಾಂಬಿ ಬತ್ತಿದ್ದಂಗೆ ಎದೆ ಒಡ್ಕತದೆ. ಎರಡ್ ಸಲಾನೂ ಇಳ್ದುಬುಟ್ಟೆ."

ನಾನು ಪಕ್ಕದಲ್ಲಿ ಕೂತೆ.

"ನೀನು ಆವತ್ತು ಓಗ್ಬುಟ್ಟೆ ಅನ್ಕಂಡೆ. ಕಣ್ಣು ಬುಟ್ಕಂಡಿದ್ದೆ, ನೋಡ್ತಿರ್ಲಿಲ್ಲ. ನಾ ಮಾತು ನಿಲ್ಸಿದ್ರೆ ನೀನೂ ನಿಂತೋಯ್ತೀಯೆ ಅನ್ನಿಸ್ತು, ಅದ್ಕೇ ಬಾಯಿಗೆ ಬಂದದ್ದ ಕೂಗ್ತಿದ್ದೆ. ಎಮ್ಮೇನೂ ಇರ್ಲಿಲ್ಲ ಛತ್ರೀನೂ ಇರ್ಲಿಲ್ಲ ಕಣ್ಲಾ." ತರಕಾರಿ ಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟಿದ. "ಗಾಡಿ ಓಡ್ಸಿ ಬೀಳ್ಸಿದ್ದು ನಾನು. ಸೈನ್ ಆಕಿದ್ದೂ ನಾನು. ನಿನ್ ತಲೆ ಒಳ್ಗೆ ರಕ್ತ ಏನಾರ ಒಡ್ದಿದ್ರೆ ನಾನು ಎತ್ಲಾಗೋಗ್ಲಿ?"

ಆರು ತಿಂಗಳು ಇವನು ನನ್ನೆದುರು ಕೂತು ಜೋಕು ಹೇಳುತ್ತಿದ್ದ. ಜಗತ್ತಿನ ಹೆದರಿಕೆಯೆಲ್ಲ ನನ್ನೊಬ್ಬನ ಪಾಲಿಗೇ ಬಂದಿದೆ ಎಂದು ನಾನು ಅವನಿಗೇ ದೂರುತ್ತಿದ್ದೆ. ಸಮಾಧಾನದ ಮಾತು ಹುಡುಕಿದೆ. ಟಪಾಲು ಗುಮಾಸ್ತನ ಬಳಿ ಅಂಥವು ಇರುವುದಿಲ್ಲ.

"ಮಾತ್ರೆ ನಿಲ್ಲಿಸಿದ್ದಾರೆ. ಬೆಳಗ್ಗೆಯಿಂದ ನನಗೂ ಕೈಕಾಲು ನಡುಗ್ತಾ ಇದೆ," ಎಂದೆ. "ಊಟ ಮಾಡಿ ಇಬ್ರೂ ಆ ದಾರೀಲೇ ಹೋಗೋಣ. ಇಳಿಯೋದಾದ್ರೆ ಇಬ್ರೂ ಇಳಿಯೋಣ."

ಅವನು ಚೀಲ ಎತ್ತಿಕೊಂಡ. ಊಟ ಮಾಡಿದೆವು. ಮೂರು ಗಂಟೆಯ ಬಸ್ಸಿನಲ್ಲಿ ಅವನನ್ನು ಕಿಟಕಿಯ ಪಕ್ಕ ಕೂರಿಸಿದೆ. ತೆರಕಣಾಂಬಿ ಹತ್ತಿರ ಬಂದಾಗ ಅವನ ಹಣೆಯ ಮೇಲೆ ಬೆವರು ಮೂಡಿತು. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದ. ನನಗೂ ಪಕ್ಕೆಯಲ್ಲಿ ಚುಚ್ಚಿದಂತಾಯಿತು. ಅದು ನಿಜವೋ ನೆನಪೋ ಗೊತ್ತಾಗಲಿಲ್ಲ. ಬಸ್ಸು ನಿಂತಿತು, ಜನ ಇಳಿದರು, ಹತ್ತಿದರು. ನಾವು ಇಳಿಯಲಿಲ್ಲ.

ಈಗಲೂ ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಗುಂಡ್ಲುಪೇಟೆಗೆ ಹೋಗಿ ಅವನನ್ನು ಕರೆದುಕೊಂಡು ಬರುತ್ತೇನೆ. ಒಬ್ಬನೇ ಬರಲು ಅವನಿಗೆ ಇನ್ನೂ ಆಗುವುದಿಲ್ಲ. ಒಬ್ಬನೇ ಮನೆಯಲ್ಲಿ ಭಾನುವಾರ ಕಳೆಯಲು ನನಗೂ ಆಗುವುದಿಲ್ಲ. ಹರಾಜಿನ ದಣಿವಿಗೆ ಅವನು ಅರ್ಧ ದಾರಿಯಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗುತ್ತಾನೆ. ನಾನು ಅವನ ಅಂಗಿಯ ಗುಂಡಿಯನ್ನೇ ನೋಡುತ್ತಾ ಕೂತಿರುತ್ತೇನೆ. ಅದು ಏರುತ್ತದೆ. ಇಳಿಯುತ್ತದೆ. ಮತ್ತೆ ಏರುವವರೆಗೆ ಕಾಯುತ್ತೇನೆ.